ಜಾಲತಾಣಕ್ಕೊಂದು ಬಿಡಾರ

ಮೇಷ್ಟರು: ನಮ್ಮೂರಿನ ಸಾಹಿತ್ಯ ಸಂಘದವರು ಬಹುಕಾಲ ನಡೆಸಿ, ಕಡೆಗೆ ಚಂದಾದಾರರ ಔದಾಸೀನ್ಯದಿಂದಲೂ ಮುದ್ರಣದ ವೆಚ್ಚದಿಂದಲೂ ಕೈಬಿಡಬೇಕಾಗಿ ಬಂದ ಮಾಸಪತ್ರಿಕೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ತಾಲ್ಲೂಕಿನ ವೀರಗಲ್ಲು ಮಾಸ್ತಿಕಲ್ಲುಗಳ ಛಾಯಾಚಿತ್ರಗಳನ್ನೂ ಅವುಗಳ ವಿವರಣೆಯನ್ನೂ ಅದಕ್ಕೆ ಜೋಡಿಸಿ, ಎಲ್ಲವನ್ನೂ ಒಂದು ಜಾಲತಾಣದ ಮೂಲಕ ಲೋಕದ ಮುಂದಿಡಬೇಕೆಂದು ನಿಶ್ಚಯಿಸಿದ್ದಾರೆ. ಆ ತಾಣಕ್ಕೆ ಹೋಸ್ಟಿಂಗ್ ಕೊಳ್ಳತಕ್ಕ ಭಾರವು, ಸಂಧಿ ಸಮಾಸಗಳನ್ನು ಬಿಟ್ಟರೆ ಬೇರೇನನ್ನೂ ಅರಿಯದ ನನ್ನ ಹೆಗಲಿಗೆ ಬಂದಿರುವುದರಿಂದ ನಿನ್ನನ್ನು ಬರಹೇಳಿದೆ. ಇಗೋ, ಐದು ಕಂಪೆನಿಗಳ ದರಗಳನ್ನು ಬರೆದಿಟ್ಟುಕೊಂಡಿದ್ದೇನೆ. ಐವರೂ ತಮ್ಮ ಸೇವೆ ಅನ್‌ಲಿಮಿಟೆಡ್ ಎನ್ನುತ್ತಾರೆ. ಐವರೂ ಶೇಕಡಾ 99.9ರಷ್ಟು ಅಪ್‌ಟೈಮ್ ಎಂದು ಆಣೆಯಿಡುತ್ತಾರೆ. ಐವರೂ ಇಂದೇ ಕೊಂಡರೆ ಭಾರಿ ರಿಯಾಯಿತಿ ಎಂದು ಆತುರಪಡಿಸುತ್ತಾರೆ. ಇವರಲ್ಲಿ ನೆಚ್ಚತಕ್ಕವರು ಯಾರಪ್ಪಾ?

ಶಿಷ್ಯ: ಹೆಸರುಗಳು ಐದಿರುವ ಮಾತ್ರಕ್ಕೆ ಒಡೆಯರೂ ಐವರೆಂದು ತಿಳಿಯಲಾಗದು, ಮೇಷ್ಟರೇ. ನಿಮ್ಮ ಪಟ್ಟಿಯಲ್ಲಿರುವ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಬಿಗ್‌ರಾಕ್ ಈ ಮೂರೂ ಒಂದೇ ಮನೆತನಕ್ಕೆ ಸೇರಿದವು. ಎಂಡ್ಯೂರೆನ್ಸ್ ಎಂಬ ಅಮೆರಿಕದ ಸಂಸ್ಥೆಯು ಮೊದಲೆರಡನ್ನು ಕೊಂಡು, 2014ರಲ್ಲಿ ನಮ್ಮ ದೇಶದ ಡೈರೆಕ್ಟಿ ಬಳಗದಿಂದ ಬಿಗ್‌ರಾಕನ್ನೂ ಕೊಂಡು, 2021ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿ ನ್ಯೂಫೋಲ್ಡ್ ಡಿಜಿಟಲ್ ಎಂಬ ಹೆಸರನ್ನು ತಾಳಿತು. ಒಬ್ಬ ಒಡೆಯನ ಕೈಯಲ್ಲಿ ಹಲವು ಅಂಗಡಿಗಳಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅವನ್ನು ಒಂದಕ್ಕೊಂದು ಹೋಲಿಸಿ ತೂಗುವ ಶ್ರಮವನ್ನು ನೀವು ಉಳಿಸಿಕೊಳ್ಳಬಹುದಾಗಿತ್ತು.

ಮೇಷ್ಟರು: ಹೋಲಿಸಿದವನು ನಾನಲ್ಲ. 'ಅತ್ಯುತ್ತಮವಾದ ಹತ್ತು ಹೋಸ್ಟಿಂಗ್ ಸೇವೆಗಳು' ಎಂಬ ವಿಮರ್ಶೆಯೊಂದನ್ನು ಓದಿ, ಅದರಿಂದ ಐದನ್ನು ಆರಿಸಿದೆ. ಅದನ್ನು ಬರೆದವನು ಗುಣದೋಷಗಳನ್ನು ಬಿಡಿಸಿ ಬಿಡಿಸಿ ಹೇಳಿದ್ದ.

ಶಿಷ್ಯ: ಆ ಲೇಖನದ ಬುಡದಲ್ಲಿ ಸಣ್ಣಕ್ಷರಗಳಲ್ಲಿ ಒಂದು ಸಾಲು ಇದ್ದಿರಬೇಕು, ಅಲ್ಲಿಂದ ಹೋಗಿ ಕೊಂಡವರ ಲೆಕ್ಕದ ಮೇಲೆ ಬರೆದವನಿಗೆ ಕಮಿಷನ್ ಸಲ್ಲುತ್ತದೆಂದು. ಈ ವ್ಯಾಪಾರದಲ್ಲಿ ದಳ್ಳಾಳಿಗೆ ಸಲ್ಲುವ ಹಣವು ಕೆಲವೊಮ್ಮೆ ಗಿರಾಕಿಯು ಮೊದಲ ವರ್ಷಕ್ಕೆ ಕೊಡುವ ಹಣಕ್ಕಿಂತಲೂ ಹೆಚ್ಚಾಗಿರುವುದುಂಟು. ಅಷ್ಟು ಹಣವನ್ನು ಕಂಪೆನಿಯು ಮುಂದೆಲ್ಲಿಂದ ಹುಟ್ಟಿಸಿಕೊಳ್ಳುತ್ತದೆಂದರೆ, ನವೀಕರಣದ ದರದಿಂದ. ನೀವು ಬರೆದುಕೊಂಡಿರುವುದು ಮೊದಲ ಅವಧಿಯ ದರ, ಅದೂ ಮೂರು ವರ್ಷದ ಹಣವನ್ನು ಒಟ್ಟಿಗೆ ಸುರಿದರೆ ದೊರೆಯುವ ದರ. ಆ ಅವಧಿ ತೀರಿದ ಮೇಲೆ ಅದೇ ಸೇವೆಗೆ ಎರಡರಷ್ಟು ಮೂರರಷ್ಟು ಬಿಲ್ ಬರುವುದು ಸಾಮಾನ್ಯ. ಆದುದರಿಂದ ದರಪಟ್ಟಿಯಲ್ಲಿ ದೊಡ್ಡ ಅಕ್ಷರದ ಅಂಕಿಯನ್ನು ಬಿಟ್ಟು, 'ನವೀಕರಣ' ಎಂದಿರುವೆಡೆ ಕಣ್ಣಿಡಬೇಕು.

ಮೇಷ್ಟರು: ಅನ್‌ಲಿಮಿಟೆಡ್ ಎಂಬುದೂ ಹೀಗೆಯೇ ಏನು?

ಶಿಷ್ಯ: ಅಲ್ಲಿಯಂತೂ ಕರಾರುಪತ್ರವನ್ನು ಓದದೆ ಗತ್ಯಂತರವಿಲ್ಲ. ಸ್ಥಳಕ್ಕೆ ಮಿತಿಯಿಲ್ಲವೆಂದು ಮುಖಪುಟದಲ್ಲಿ ಸಾರಿದವರೇ ಒಳಗೆ ಕಡತಗಳ ಸಂಖ್ಯೆಗೆ ಮಿತಿಯನ್ನು ಹಾಕಿರುತ್ತಾರೆ. ಪ್ರೊಸೆಸರನ್ನು ಇಷ್ಟು ಹೊತ್ತಿಗಿಂತ ಹೆಚ್ಚು ಬಳಸಕೂಡದೆನ್ನುತ್ತಾರೆ. ಎಲ್ಲಕ್ಕಿಂತ ನಿಮಗೆ ಮುಖ್ಯವಾದುದೇನೆಂದರೆ, ತಾಣವನ್ನು ಕೇವಲ ಕಡತಗಳ ಉಗ್ರಾಣವಾಗಿ ಉಪಯೋಗಿಸಕೂಡದೆಂಬ ಷರತ್ತು ಅನೇಕ ಕರಾರುಗಳಲ್ಲಿ ಇರುತ್ತದೆ. ಸಂಘದ ಸ್ಕ್ಯಾನ್ ಪುಟಗಳು ಸಾವಿರಾರು. ಅವನ್ನೆಲ್ಲ ಏರಿಸಿದ ಮೇಲೆ ಒಂದು ದಿನ ಬೆಳಗ್ಗೆ 'ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ' ಎಂಬ ಪತ್ರ ಬಂದರೆ ನ್ಯಾಯ ಅವರ ಕಡೆಗೇ ಇರುತ್ತದೆ. ಇಷ್ಟು ಜಿ.ಬಿ. ಎಂದು ಅಂಕಿಯನ್ನು ಬರೆದು ಕೊಡುವವನು ಅಗ್ಗವಾಗಿ ಕಾಣದಿರಬಹುದು. ಆದರೂ ನಾನು ಅವನನ್ನೇ ಹೆಚ್ಚು ನಂಬುತ್ತೇನೆ.

ಮೇಷ್ಟರು: ಸರಿ, ಶೇಕಡಾ 99.9 ಎಂಬ ಅಂಕಿ ಸ್ಪಷ್ಟವಾಗಿಯೇ ಇದೆಯಲ್ಲ. ನೂರಕ್ಕೆ ನೂರು ಎಂಬುದಕ್ಕೆ ಕೂದಲೆಳೆಯಷ್ಟೇ ಕಡಿಮೆ.

ಶಿಷ್ಯ: ವರ್ಷಕ್ಕೆ 8,760 ಗಂಟೆಗಳು. ಅದರಲ್ಲಿ ಸಾವಿರಕ್ಕೊಂದು ಪಾಲೆಂದರೆ ಎಂಟು ಮುಕ್ಕಾಲು ಗಂಟೆ. ಅಷ್ಟು ಹೊತ್ತು ನಿಮ್ಮ ತಾಣ ಮುಚ್ಚಿದ್ದರೂ ಅವರ ಮಾತು ಸುಳ್ಳಾಗದು. ಬರೀ 99 ಎಂದಿದ್ದರೆ ಮೂರೂವರೆ ದಿನಕ್ಕೂ ಮಿಗಿಲು; 99.99 ಎಂದಿದ್ದರೆ ಐವತ್ತೆರಡು ನಿಮಿಷ. ಇನ್ನು ಮಾತು ತಪ್ಪಿದರೆ ಅವರು ಕೊಡುವ ಪರಿಹಾರವಾದರೂ ಏನು? ಸಾಮಾನ್ಯವಾಗಿ ಆ ತಿಂಗಳ ಬಾಡಿಗೆಯಲ್ಲಿ ಒಂದು ಪಾಲನ್ನು ಮುಂದಿನ ಬಿಲ್ಲಿಗೆ ವಜಾ ಮಾಡುತ್ತಾರೆ, ಅದೂ ನೀವು ಕೇಳಿದರೆ. ನಿಮ್ಮ ನಷ್ಟಕ್ಕೂ ಆ ವಜಾಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಮೇಷ್ಟರು: ನೀನು ಹೀಗೆ ಹೇಳಿದೊಡನೆ ನನಗೆ ಭಯವಾಗುವುದಕ್ಕೆ ಬದಲಾಗಿ ಸಮಾಧಾನವೇ ಆಗುತ್ತಿದೆ. ಎಂದೋ ಅಚ್ಚಾದ ಪ್ರಬಂಧವೊಂದನ್ನು ಓದಬಂದವನು ಇಂದು ರಾತ್ರಿ ಸಿಕ್ಕದೆಂದು ನಾಳೆ ಬೆಳಗ್ಗೆ ಬಂದರೆ ಮುಳುಗಿಹೋಗುವುದೇನು? ರೈಲ್ವೆ ಟಿಕೆಟ್ಟನ್ನು ಮಾರುವವರಿಗೆ ಎಂಟು ಗಂಟೆ ಪ್ರಳಯವಾದೀತು, ನಮಗಲ್ಲ.

ಶಿಷ್ಯ: ನಾನು ಹೇಳಬೇಕೆಂದಿದ್ದುದನ್ನು ನೀವೇ ಆಡಿದಿರಿ. ತಾಣವು ಕೆಲಹೊತ್ತು ತೆರೆಯದಿರುವುದು ಬೇರೆ, ಇಲ್ಲದೇ ಹೋಗುವುದು ಬೇರೆ. ಮಾರುವವರು ಹಗಲಿರುಳೂ ಮೊದಲನೆಯದನ್ನೇ ಕುರಿತು ಮಾತಾಡುತ್ತಾರೆ. ಸಂಘವು ಅಂಜಬೇಕಾದುದು ಎರಡನೆಯದಕ್ಕೆ.

ಮೇಷ್ಟರು: ಹಾಗೆ ಇಲ್ಲದೇ ಹೋಗುವುದುಂಟೆ? ಸಣ್ಣಪುಟ್ಟ ಅಂಗಡಿಯವರ ಕೈಯಲ್ಲಿ ಆದೀತು. ದೊಡ್ಡವರನ್ನು ಹಿಡಿದರೆ ಆ ಚಿಂತೆ ಇರಲಾರದು.

ಶಿಷ್ಯ: ಯಾಹೂ ದೊಡ್ಡದಲ್ಲವೆ? ಜಿಯೋಸಿಟೀಸ್ ಎಂಬ ಉಚಿತ ತಾಣಗಳ ಆಶ್ರಯವನ್ನು ಅದು 1999ರಲ್ಲಿ ಅಪಾರ ಹಣ ಕೊಟ್ಟು ಕೊಂಡು, ಲಾಭವಿಲ್ಲವೆಂದು ಕಂಡೊಡನೆ 2009ರ ಅಕ್ಟೋಬರಿನಲ್ಲಿ ಮುಚ್ಚಿಬಿಟ್ಟಿತು. ಜನಸಾಮಾನ್ಯರು ತಮ್ಮ ಹವ್ಯಾಸ, ಕುಟುಂಬ, ಪಾಂಡಿತ್ಯಗಳನ್ನು ಕುರಿತು ಬರೆದಿಟ್ಟಿದ್ದ ಪುಟಗಳು ಅದರೊಡನೆ ಹೋದವು; ಕೆಲವು ಉತ್ಸಾಹಿಗಳು ಹಗಲಿರುಳು ನಕಲು ಮಾಡಿಕೊಂಡದ್ದಷ್ಟೇ ಉಳಿಯಿತು. ಇದು ಒಡೆಯನ ಇಚ್ಛೆಯಿಂದ ಆದದ್ದು. ಇಚ್ಛೆಯಿಲ್ಲದೆ ಆದದ್ದನ್ನು ಕೇಳಿ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ, ರೈನ್ ನದಿಯ ಸಮೀಪದಲ್ಲಿ, ಓವಿಎಚ್ ಎಂಬ ಯೂರೋಪಿನ ಬಹು ದೊಡ್ಡ ಹೋಸ್ಟಿಂಗ್ ಸಂಸ್ಥೆಯ ಡೇಟಾಸೆಂಟರುಗಳಿವೆ. 2021ರ ಮಾರ್ಚ್ 10ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅವುಗಳಲ್ಲೊಂದಕ್ಕೆ ಬೆಂಕಿ ಬಿದ್ದು, ಐದು ಅಂತಸ್ತಿನ ಕಟ್ಟಡವು ಒಳಗಿದ್ದ ಸರ್ವರುಗಳ ಸಮೇತ ಭಸ್ಮವಾಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಬೆಂದಿತು. ಜೀವಹಾನಿಯಾಗಲಿಲ್ಲ. ಆ ದಿನ ಸುಮಾರು 36 ಲಕ್ಷ ಜಾಲತಾಣಗಳು ಕಾಣದಾದವೆಂದು ಎಣಿಸಿದವರಿದ್ದಾರೆ. ಸಂಸ್ಥೆಯ ಸ್ಥಾಪಕನು ಅಂದೇ ಗಿರಾಕಿಗಳಿಗೆ, ವಿಪತ್ತಿನ ಕಾಲಕ್ಕೆಂದು ನೀವು ಮಾಡಿಕೊಂಡಿರುವ ಏರ್ಪಾಡನ್ನು ಈಗ ಚಾಲನೆಗೆ ತನ್ನಿರೆಂದು ಬಹಿರಂಗವಾಗಿಯೇ ಸೂಚಿಸಿದನು.

ಮೇಷ್ಟರು: ಏರ್ಪಾಡು ಮಾಡಿಕೊಳ್ಳುವುದು ಅವನ ಕೆಲಸವೆಂದಲ್ಲವೆ ಜನ ಹಣ ಕೊಟ್ಟದ್ದು?

ಶಿಷ್ಯ: ಹಾಗೆಂದೇ ಹಲವರು ನಂಬಿದ್ದರು. ಬ್ಯಾಕಪ್ಪಿಗೆ ಪ್ರತ್ಯೇಕವಾಗಿ ಹಣ ತೆತ್ತ ಒಬ್ಬ ಗಿರಾಕಿಯ ಪ್ರಸಂಗದಲ್ಲಿ, ಮೂಲವೂ ಅದರ ಪ್ರತಿಯೂ ಒಂದೇ ಸ್ಥಳದಲ್ಲಿದ್ದು ಒಟ್ಟಿಗೆ ನಾಶವಾದವು. ಅವನು ದಾವೆ ಹೂಡಲು, ಪ್ರತಿಯನ್ನು ಬೇರೆಡೆ ಇಡುವುದಾಗಿ ಕರಾರಿನಲ್ಲಿ ಹೇಳಿದ್ದುದರಿಂದ ಪರಿಹಾರ ಕೊಡತಕ್ಕದ್ದೆಂದು ಲೀಲ್ ನಗರದ ವಾಣಿಜ್ಯ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು. ತೀರ್ಪು ಹಣವನ್ನು ತಂದುಕೊಟ್ಟೀತೇ ಹೊರತು ಬರಹವನ್ನಲ್ಲ. ಇನ್ನೊಂದು ಪ್ರಸಂಗವುಂಟು, ನನ್ನ ದೃಷ್ಟಿಯಲ್ಲಿ ಬೆಂಕಿಗಿಂತಲೂ ಇದು ಹೆಚ್ಚಿನ ಪಾಠ ಕಲಿಸುವಂಥದು. ಕೋಡ್ ಸ್ಪೇಸಸ್ ಎಂಬ ಸಂಸ್ಥೆಯವರು ಪ್ರೋಗ್ರಾಮರುಗಳ ಕೆಲಸವನ್ನು ಜೋಪಾನ ಮಾಡಿಕೊಡುವ ವೃತ್ತಿಯವರು. ತಮ್ಮದೆಲ್ಲವನ್ನೂ ಅಮೆಝಾನಿನ ಸರ್ವರುಗಳಲ್ಲಿ ಇಟ್ಟಿದ್ದರು, ಬ್ಯಾಕಪ್ಪುಗಳನ್ನೂ. 2014ರ ಜೂನಿನಲ್ಲಿ ಒಬ್ಬ ದುಷ್ಟನು ಅವರ ಕಂಟ್ರೋಲ್ ಪ್ಯಾನೆಲ್ಲಿಗೆ ನುಗ್ಗಿ, ಹಣ ಕೇಳಿ, ಅವರು ಪಾಸ್‌ವರ್ಡುಗಳನ್ನು ಬದಲಾಯಿಸಹೊರಟದ್ದನ್ನು ಕಂಡು, ಮೂಲವನ್ನೂ ಪ್ರತಿಗಳನ್ನೂ ಅಳಿಸುತ್ತ ಹೋದನು. ಅರ್ಧ ದಿನದೊಳಗೆ ಬಹುಪಾಲು ಮುಗಿದಿತ್ತು. ಸಂಸ್ಥೆ ಮತ್ತೆ ಏಳಲಿಲ್ಲ. ಅಮೆಝಾನಿನ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಅವು ಅಳಿಸೆಂದಾಗ ಕ್ರಮವಾಗಿ ಅಳಿಸಿದವು, ಅಷ್ಟೆ.

ಮೇಷ್ಟರು: ಹಾಗಾದರೆ ಯಾರ ಹಂಗೂ ಬೇಡ. ಸಂಘದ ಕಚೇರಿಯಲ್ಲಿ ಒಂದು ಕೋಣೆ ಬರಿದಾಗಿದೆ. ಒಂದು ಕಂಪ್ಯೂಟರನ್ನು ಅಲ್ಲಿಯೇ ಇಟ್ಟು ನಾವೇ ನಡೆಸಿದರೆ?

ಶಿಷ್ಯ: ಆದಿಯಲ್ಲಿ ಹಾಗೆಯೇ ಇತ್ತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಮೊದಲ ಜಾಲತಾಣವನ್ನು ತಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರಿನಲ್ಲಿಯೇ ಇಟ್ಟಿದ್ದನು. ಇದು ಸರ್ವರ್, ಯಾರೂ ಆರಿಸಬೇಡಿರೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಿದ್ದನು. ನಾವೂ ಚೀಟಿ ಅಂಟಿಸಬಹುದು, ಆದರೆ ನಮ್ಮೂರಿನ ಕರೆಂಟು ಅದನ್ನು ಓದಿ ನಿಲ್ಲುವುದಿಲ್ಲ. ಯುಪಿಎಸ್ ಕೊಳ್ಳಬೇಕು, ಎರಡನೆಯ ಬ್ರಾಡ್‌ಬ್ಯಾಂಡ್ ಬೇಕು, ಬದಲಾಗದ ಐಪಿ ವಿಳಾಸ ಬೇಕು, ವಾರವಾರವೂ ತಂತ್ರಾಂಶವನ್ನು ಅಪ್‌ಡೇಟ್ ಮಾಡುವವನೊಬ್ಬ ಬೇಕು. ಕಾರ್ಯದರ್ಶಿ ಬದಲಾದೊಡನೆ ಆ ಕೋಣೆಗೆ ಬೀಗ ಬಿದ್ದೀತು.

ಮೇಷ್ಟರು: ಬಿದ್ದೀತು. ನಮ್ಮ ಗ್ರಂಥಭಂಡಾರಕ್ಕೆ ಬಿದ್ದದ್ದು ಹಾಗೆಯೇ.

ಶಿಷ್ಯ: ಆದುದರಿಂದ ಪರರ ಯಂತ್ರವೇ ಇರಲಿ. ಅಲ್ಲಿಯೂ ಅಗ್ಗದ ಶೇರ್ಡ್ ಹೋಸ್ಟಿಂಗ್ ಎಂಬುದು ಒಂದು ವಠಾರವಿದ್ದಂತೆ. ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ವಾಸ ಮಾಡುತ್ತವೆ. ಮೂಲೆಮನೆಯವನು ಮದುವೆ ಹೂಡಿದರೆ ಎಲ್ಲರ ನಲ್ಲಿಯಲ್ಲಿಯೂ ನೀರು ಸಣ್ಣಗಾಗುತ್ತದೆ. ಅಷ್ಟೇ ಆದರೆ ಸಹಿಸಬಹುದು. ನೆರೆಯವನೊಬ್ಬ ಸ್ಪ್ಯಾಮ್ ಪತ್ರಗಳನ್ನು ಕಳುಹಿಸತೊಡಗಿದರೆ ಇಡೀ ವಠಾರದ ವಿಳಾಸಕ್ಕೇ ಕೆಟ್ಟ ಹೆಸರು ಬಂದು, ಸಂಘದ ಆಹ್ವಾನಪತ್ರಿಕೆಯ ಇಮೇಲೂ ಜನರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ನಿಮ್ಮ ತಾಣಕ್ಕೆ ದಿನಕ್ಕೆ ಐವತ್ತು ಮಂದಿ ಬಂದಾರು, ವಿಶೇಷ ದಿನಗಳಲ್ಲಿ ಐನೂರು. ಇದಕ್ಕೆ ವಿಪಿಎಸ್ ಎಂಬ ಪ್ರತ್ಯೇಕ ಮನೆ ಅನಾವಶ್ಯಕ. ವಠಾರವೇ ಸಾಕು, ಒಳ್ಳೆಯ ವಠಾರವಾಗಿರಬೇಕು.

ಮೇಷ್ಟರು: ಒಳ್ಳೆಯದೆಂದು ಹೊರಗಿನಿಂದಲೇ ತಿಳಿಯುವ ಬಗೆ?

ಶಿಷ್ಯ: ಕೊಳ್ಳುವುದಕ್ಕೆ ಮುಂಚೆ ಭಾನುವಾರ ರಾತ್ರಿ ಅವರಿಗೊಂದು ಪತ್ರ ಬರೆಯಿರಿ. ಬ್ಯಾಕಪ್ಪನ್ನು ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾವ ಊರಿನಲ್ಲಿ ಇಡುತ್ತೀರಿ, ನನ್ನ ಕಡತಗಳನ್ನೂ ಡೇಟಾಬೇಸನ್ನೂ ನಾನೇ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದೇ ಎಂದು ಕೇಳಿರಿ. ಉತ್ತರ ಎಷ್ಟು ಬೇಗ ಬಂದಿತೆಂಬುದನ್ನು ನೋಡುವವರೇ ಹೆಚ್ಚು. ನಾನಾದರೆ, ಕೇಳಿದ್ದಕ್ಕೆ ಉತ್ತರ ಬಂದಿತೋ ಅಥವಾ 'ತಮ್ಮ ಸಂತೃಪ್ತಿಯೇ ನಮ್ಮ ಧ್ಯೇಯ' ಎಂಬ ಸಿದ್ಧಪಾಠ ಬಂದಿತೋ ಎಂಬುದನ್ನು ನೋಡುತ್ತೇನೆ. ಇನ್ನೊಂದು ಸಣ್ಣ ಒರೆಗಲ್ಲು ಇದೆ. ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕದಲ್ಲಿ ಬೀಗದ ಗುರುತನ್ನು ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭೋದ್ದೇಶವಿಲ್ಲದ ಏರ್ಪಾಡು 2015ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಅಷ್ಟನ್ನೇ ವರ್ಷಕ್ಕಿಷ್ಟೆಂದು ಮಾರುವವನು ಬೇರೆ ಕಡೆಯೂ ಹೀಗೆಯೇ ವ್ಯವಹರಿಸಿಯಾನೆಂದು ಊಹಿಸಬಹುದು.

ಮೇಷ್ಟರು: ಸರ್ವರ್ ಅಮೆರಿಕದಲ್ಲಿದ್ದರೆ ಅಗ್ಗವೆಂದು ನಮ್ಮ ಖಜಾಂಚಿಯ ಮಗ ಹೇಳುತ್ತಾನೆ.

ಶಿಷ್ಯ: ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಅಮೆರಿಕದ ಪೂರ್ವತೀರ ನಮಗೆ ಹದಿಮೂರು ಸಾವಿರ ಕಿಲೋಮೀಟರಿಗೂ ದೂರ. ಸಮುದ್ರದ ಕೇಬಲುಗಳೋ ನೇರವಾಗಿ ಹೋಗುವುದಿಲ್ಲ. ಹೋಗಿ ಬರುವುದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲಿಗೂ ಹೆಚ್ಚು ಹಿಡಿಯುತ್ತದೆ, ಪುಟದ ಮೊದಲ ಅಕ್ಷರ ಬರುವುದರೊಳಗೆ ಅಂಥ ಯಾತ್ರೆ ಮೂರು ನಾಲ್ಕು ಆಗಬೇಕು. ಓದುಗರು ಹಾಸನ ಶಿವಮೊಗ್ಗಗಳಲ್ಲಿದ್ದರೆ ಸರ್ವರ್ ಮುಂಬಯಿಯಲ್ಲಿರಲಿ. ಕ್ಯಾಲಿಫೋರ್ನಿಯಾದ ಕನ್ನಡಿಗರು ಸ್ವಲ್ಪ ಕಾದಾರು. ಅವರಿಗೂ ತ್ವರೆಯಾಗಬೇಕೆಂದರೆ ಚಿತ್ರಗಳನ್ನು ಅಲ್ಲಲ್ಲಿಯೇ ಇಟ್ಟು ಒದಗಿಸುವ ಸಿಡಿಎನ್‌ಗಳಲ್ಲಿ ಉಚಿತವಾದವೂ ಉಂಟು.

ಮೇಷ್ಟರು: ಇಷ್ಟಾದರೂ ನೀನು ಇನ್ನೂ ಒಬ್ಬರ ಹೆಸರನ್ನು ಹೇಳಲಿಲ್ಲ.

ಶಿಷ್ಯ: ಹೆಸರು ಅಷ್ಟು ಮುಖ್ಯವಲ್ಲವೆಂದು ನನ್ನ ಅಭಿಪ್ರಾಯ. ಇಂದು ಒಳ್ಳೆಯವನಾದವನನ್ನು ನಾಳೆ ಇನ್ನೊಬ್ಬನು ಕೊಂಡಾನು. ಹೋಸ್ಟನ್ನು ಆರಿಸುವಾಗ, ಅವನನ್ನು ಬಿಡಬೇಕಾಗಿ ಬಂದರೆ ಎಷ್ಟು ಸುಲಭವಾಗಿ ಬಿಡಬಹುದೆಂಬುದನ್ನು ಮೊದಲು ನೋಡಬೇಕು. ಮೊದಲು ಒಂದೇ ತಿಂಗಳಿಗೆ ಕೊಂಡು, ತಾಣವನ್ನು ಏರಿಸಿ, ಮರುದಿನವೇ ಬಿಟ್ಟುಹೊರಡುವವರ ಹಾಗೆ ಎಲ್ಲವನ್ನೂ ಇಳಿಸಿಕೊಂಡು, ಬೇರೊಂದು ಯಂತ್ರದಲ್ಲಿ ಮತ್ತೆ ನಿಲ್ಲಿಸಿ ನೋಡಬೇಕು. ಕನ್ನಡದ ತಾಣಗಳಿಗಂತೂ ಈ ಪರೀಕ್ಷೆ ಅತ್ಯಗತ್ಯ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು. 'ಕ್ಷೇತ್ರ' ಎಂಬ ಪದವನ್ನೇ ತೆಗೆದುಕೊಳ್ಳಿ. ನಿಮ್ಮ ಕಣ್ಣಿಗೆ ಎರಡು ಅಕ್ಷರ, ಯಂತ್ರಕ್ಕೆ ಒತ್ತು ಗುಣಿತಗಳೆಲ್ಲ ಸೇರಿ ಏಳು ಚಿಹ್ನೆಗಳು, ಇಪ್ಪತ್ತೊಂದು ಬೈಟುಗಳು. ಡೇಟಾಬೇಸನ್ನು ಇಳಿಸುವಾಗ ಲ್ಯಾಟಿನ್ ಲಿಪಿಗೆಂದೇ ಮಾಡಿದ ಹಳೆಯ ಅಕ್ಷರಕೋಷ್ಟಕಕ್ಕೆ ಅದು ಪರಿವರ್ತನೆಯಾಯಿತೆಂದರೆ, 'ಕ್ಷೇತ್ರ'ದ ಜಾಗದಲ್ಲಿ ಏಳು ಪ್ರಶ್ನಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿನ ಶೀರ್ಷಿಕೆಗಳೂ ಇಸವಿಗಳೂ ಸರಿಯಾಗಿಯೇ ಇರುತ್ತವೆ. ಆದುದರಿಂದ ಮೇಲೆ ಮೇಲೆ ನೋಡಿದವನಿಗೆ ಬ್ಯಾಕಪ್ ಸುಸ್ಥಿತಿಯಲ್ಲಿದೆಯೆಂದೇ ತೋರುತ್ತದೆ.

ಮೇಷ್ಟರು: ಪ್ರಶ್ನಚಿಹ್ನೆಗಳನ್ನು ಹಿಂದಕ್ಕೆ ಅಕ್ಷರ ಮಾಡಲು ಬರುವುದಿಲ್ಲವೆ?

ಶಿಷ್ಯ: ಬರುವುದಿಲ್ಲ. ವಿಚಿತ್ರವಾದ ಯೂರೋಪಿನ ಅಕ್ಷರಗಳ ಕಲಸುಮೇಲೋಗರ ಕಂಡರೆ ಹೆದರಬೇಕಾಗಿಲ್ಲ. ಬೈಟುಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ, ಓದುವ ಕ್ರಮ ತಪ್ಪಿರುತ್ತದೆ, ತಿದ್ದಬಹುದು. ಪ್ರಶ್ನಚಿಹ್ನೆ ಬಂದಿತೆಂದರೆ ಮೂಲವೇ ಅಳಿದುಹೋಗಿದೆ. ಹಾಗಾಗಿಯೇ, ಬ್ಯಾಕಪ್ ಇದೆಯೆಂಬ ಮಾತನ್ನು, ಅದರಿಂದ ತಾಣವನ್ನು ಮತ್ತೆ ನಿಲ್ಲಿಸಿ ಒಂದು ಲೇಖನವನ್ನು ಮೊದಲಿಂದ ಕಡೆಯವರೆಗೆ ಓದಿ ನೋಡುವವರೆಗೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೇಷ್ಟರು: ಅಷ್ಟೆಲ್ಲ ಅಪಾಯವಿದ್ದರೆ ಆ ಡೇಟಾಬೇಸಾದರೂ ನಮಗೇಕೆ? ಹಳೆಯ ಸಂಚಿಕೆಗಳು ಇನ್ನು ಬದಲಾಗತಕ್ಕವಲ್ಲ.

ಶಿಷ್ಯ: ಭೇಷ್! ಎಲ್ಲರೂ ವರ್ಡ್‌ಪ್ರೆಸ್ ಹಾಕಿಸುವುದರಿಂದ ನಮಗೂ ಅದೇ ಇರಲೆಂದು ಸಂಘದವರು ಹೇಳಿಯಾರು. ಅದು ಒಳ್ಳೆಯ ಸಾಧನವೇ. ಆದರೆ ಅದನ್ನೂ ಅದರ ಪ್ಲಗಿನ್‌ಗಳನ್ನೂ ನಿತ್ಯವೂ ನೋಡಿಕೊಳ್ಳದಿದ್ದರೆ ಕಳ್ಳರು ಬರುವ ಬಾಗಿಲೂ ಅದೇ. ಬದಲಾಗದ ಪುಟಗಳನ್ನು ಸಾದಾ ಎಚ್‌ಟಿಎಂಎಲ್ ಕಡತಗಳಾಗಿ ಇಟ್ಟರೆ ಕೆಡುವುದಕ್ಕೆ ಹೆಚ್ಚಿನದೇನೂ ಇರುವುದಿಲ್ಲ, ಯಾವ ಹೋಸ್ಟಿನಲ್ಲಿ ಬೇಕಾದರೂ ನಿಲ್ಲುತ್ತವೆ, ಒಂದು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಬಹುದು. ಸರ್ನ್‌ನ ಆ ಮೊದಲ ತಾಣದ ಪುಟಗಳು ಇಂದಿನ ಬ್ರೌಸರುಗಳಲ್ಲಿಯೂ ತೆರೆಯುತ್ತವೆ. ಅಂದಿನಿಂದ ಇಂದಿನವರೆಗೆ ಹುಟ್ಟಿ ಸತ್ತ ಆಡಂಬರದ ತಂತ್ರಗಳ ಗತಿ ಹಾಗಲ್ಲ.

ಮೇಷ್ಟರು: ಇನ್ನು ಹೆಸರಿನ ವಿಷಯ. ಸಂಘದ ಹೆಸರಿನಲ್ಲಿ ಹಿಂದೊಮ್ಮೆ ಒಂದು ತಾಣವಿತ್ತು. ಮಾಡಿಕೊಟ್ಟ ಹುಡುಗ ಡೊಮೈನನ್ನು ತನ್ನದೇ ಇಮೇಲಿನಲ್ಲಿ ನೋಂದಾಯಿಸಿ, ಕೆಲಸ ಸಿಕ್ಕಿ ಊರು ಬಿಟ್ಟ. ಆಮೇಲೆ ಯಾರೂ ನವೀಕರಿಸಲಿಲ್ಲ. ಒಂದು ದಿನ ಅಧ್ಯಕ್ಷರು ಅತಿಥಿಗಳಿಗೆ ತೋರಿಸಲೆಂದು ತೆರೆದರೆ ಇಸ್ಪೀಟಿನ ಜೂಜಾಟದ ಪುಟ ಬಂದಿತು.

ಶಿಷ್ಯ: ಹೋಸ್ಟಿಂಗ್ ಹೋದರೆ ಇನ್ನೊಂದನ್ನು ಕೊಳ್ಳಬಹುದು, ಹೆಸರು ಹೋದರೆ ಅದನ್ನು ಉಲ್ಲೇಖಿಸಿದ ಪುಸ್ತಕ, ಪ್ರಬಂಧ, ಕೊಂಡಿಗಳೆಲ್ಲ ಅನ್ಯರ ಮನೆಗೆ ದಾರಿ ತೋರಿಸತೊಡಗುತ್ತವೆ. ಅವಧಿ ತೀರಿದೊಡನೆಯೇ ಹೆಸರು ಕೈತಪ್ಪುವುದಿಲ್ಲ; ಡಾಟ್ ಕಾಂ ಹೆಸರುಗಳಾದರೆ ಸಾಮಾನ್ಯವಾಗಿ ಕೆಲವು ವಾರಗಳ ಗಡುವು, ಅದು ಕಳೆದ ಮೇಲೆ ದಂಡ ತೆತ್ತು ಬಿಡಿಸಿಕೊಳ್ಳಲು ಇನ್ನೂ ಮೂವತ್ತು ದಿನ ಉಂಟು. ಆದರೆ ಎಚ್ಚರಿಕೆಯ ಪತ್ರಗಳು ಊರು ಬಿಟ್ಟವನಿಗೆ ಹೋಗುತ್ತಿದ್ದರೆ ಗಡುವಿದ್ದು ಏನು ಪ್ರಯೋಜನ? ಆದುದರಿಂದ ಡೊಮೈನನ್ನು ಹೋಸ್ಟಿಂಗ್ ಕೊಟ್ಟವನಲ್ಲಿ ಇಡದೆ ಬೇರೆ ನೋಂದಣಿದಾರನಲ್ಲಿ ಇಡಿ. ಒಬ್ಬನೊಡನೆ ಜಗಳವಾದರೆ ಎರಡೂ ಸಿಕ್ಕಿಬೀಳದಿರಲಿ. ಹತ್ತು ವರ್ಷಕ್ಕೆ ಒಮ್ಮೆಲೇ ಕಟ್ಟಬಹುದು. ಖಾತೆಗೆ ಕೊಡುವ ಇಮೇಲು ಮಾತ್ರ ಅದೇ ಡೊಮೈನಿನದಾಗಿರಕೂಡದು. ಹೆಸರು ಸತ್ತ ದಿನ ಇಮೇಲೂ ಸಾಯುತ್ತದೆ, ಬದುಕಿಸಿಕೊಳ್ಳಿರೆಂಬ ಪತ್ರ ಬರಲು ದಾರಿಯೇ ಇರುವುದಿಲ್ಲ.

ಮೇಷ್ಟರು: ಕಾರ್ಡಿನಿಂದ ತಾನಾಗಿಯೇ ಹಣ ಹೋಗುವಂತೆ ಮಾಡಿದರಾಯಿತಲ್ಲ.

ಶಿಷ್ಯ: ಅದನ್ನು ನೆಚ್ಚಬೇಡಿ. ತಾನಾಗಿ ಹಣ ಕಡಿತವಾಗುವುದಕ್ಕೆ ಮೊದಲೇ ಸೂಚನೆ ಕೊಡಬೇಕು, ಗ್ರಾಹಕನ ಒಪ್ಪಿಗೆ ಕ್ರಮವಾಗಿರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ, ಹೊರದೇಶದ ಅನೇಕ ಸೇವೆಗಳ ನವೀಕರಣ ಸದ್ದಿಲ್ಲದೆ ನಿಂತುಹೋಯಿತು. ನಿಯಮ ಒಳ್ಳೆಯದೇ; ಆದರೆ ಕಾರ್ಡಿನ ಅವಧಿಯೂ ತೀರುತ್ತದೆ, ಖಜಾಂಚಿಯ ಅವಧಿಯೂ ತೀರುತ್ತದೆ. ನವೀಕರಣದ ತಾರೀಖನ್ನು ಸಂಘದ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಬಿಡಿ, ಲೆಕ್ಕಪತ್ರ ಮಂಡಿಸುವುದಕ್ಕೆ ಮುಂಚೆ.

ಮೇಷ್ಟರು: ಪಾಸ್‌ವರ್ಡ್?

ಶಿಷ್ಯ: ಇಬ್ಬರು ಪದಾಧಿಕಾರಿಗಳಲ್ಲಿ ಇರಲಿ, ಲಾಗಿನ್ನಿಗೆ ಓಟಿಪಿಯನ್ನೂ ಜೋಡಿಸಿರಿ. ಇಳಿಸಿಕೊಂಡ ಪ್ರತಿಗಳಲ್ಲಿ ಒಂದು ಸಂಘದ ಕಚೇರಿಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿ. ಹೋಸ್ಟಿನವರು ಇಡುವ ಬ್ಯಾಕಪ್ ಇವೆರಡರ ಮೇಲಿನದಾಗಲಿ.

ಮೇಷ್ಟರು: ಇಷ್ಟನ್ನು ಕೇಳಿದ ಮೇಲೆ ನನ್ನ ಐದು ದರಪಟ್ಟಿಗಳಲ್ಲಿ ಎರಡೇ ಉಳಿದವು. ಎರಡರಲ್ಲಿ ಯಾವುದಾದರೂ ನಡೆದೀತೆನ್ನುತ್ತೀಯೆ?

ಶಿಷ್ಯ: ಭಾನುವಾರ ರಾತ್ರಿಯ ಪತ್ರಕ್ಕೆ ಸರಿಯಾಗಿ ಉತ್ತರ ಬರೆದವನಲ್ಲಿ ಒಂದು ತಿಂಗಳಿಗೆ ಕೊಳ್ಳಿ. ಇಳಿಸಿ ನಿಲ್ಲಿಸುವ ಪರೀಕ್ಷೆಗೆ ನಾನೇ ಬಂದು ಕೂತುಕೊಳ್ಳುತ್ತೇನೆ.

ಮೇಷ್ಟರು: ಒಂದು ತಿಂಗಳಿಗೆಂದರೆ ದರ ಹೆಚ್ಚಲ್ಲವೆ ಎಂದು ಖಜಾಂಚಿ ತಕರಾರು ತೆಗೆಯದೆ ಬಿಡುವುದಿಲ್ಲ. ಮೂರು ವರ್ಷಕ್ಕೆ ಕಟ್ಟಿದರೆ ಉಳಿತಾಯವೆಷ್ಟೆಂದು ಅವರು ಆಗಲೇ ಕೂಡಿ ಕಳೆದು ಇಟ್ಟಿದ್ದಾರೆ. ಅವರಿಗೆ ಇಸ್ಪೀಟಿನ ಪುಟದ ಕಥೆಯನ್ನು ಇನ್ನೊಮ್ಮೆ ನೆನಪಿಸಬೇಕು. ರಸೀದಿ ಮಾತ್ರ ಸಂಘದ ಹೆಸರಿಗೇ ಬರುವಂತೆ ನೋಡಿಕೋ, ಜಿಎಸ್‌ಟಿ ಸಮೇತ. ಇಲ್ಲದಿದ್ದರೆ ಈ ಸಲ ಲೆಕ್ಕ ಪಾಸಾಗುವುದಿಲ್ಲ.